ಕೈ ಕೊಡದ ಗಾಡಿ

"ಅಜ್ಜಾರ, ಎಂದೂ ಕೈ ಕೊಡದ ಗಾಡಿ ಅಂತ ಒಂದು ಇರತೈತೇನ್ರಿ?"

ಕೇಳಿದವನು ಮಠದ ಅಡುಗೆಮನೆ ನೋಡಿಕೊಳ್ಳುವ ಶಿಷ್ಯ ಮುರಿಗೆಪ್ಪ. ಹಿಂದಿನ ಸೋಮವಾರ ಮಠದ ಹಳೆಯ ಪಿಕಪ್ ಗಾಡಿ ಸಂತೆಯಿಂದ ಕಾಯಿಪಲ್ಲೆ ತರುತ್ತ ಹಳ್ಳದ ದಂಡೆಯಲ್ಲಿ ನಿಂತುಬಿಟ್ಟಿತ್ತು. ಅಂದು ದಾಸೋಹಕ್ಕೆ ಬಂದವರಿಗೆ ಬರೀ ಅನ್ನ, ಮಜ್ಜಿಗೆ ಬಡಿಸಬೇಕಾಯಿತು. ಹೊಸದೊಂದು ಕೊಡಿಸುತ್ತೇವೆ ಎಂದು ಭಕ್ತರು ಮುಂದೆ ಬಂದರು. ಗೇರನ್ನು ತಾನೇ ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಗಾಡಿಯೇ ಆಗಬೇಕು ಎಂದು ಕೆಲವರು. ಅದರ ಗೇರ್‌ಬಾಕ್ಸ್ ಕೆಟ್ಟರೆ ನಮ್ಮ ಗ್ಯಾರೇಜಿನವರು ಮುಟ್ಟುವುದೂ ಇಲ್ಲ ಎಂದು ಇನ್ನು ಕೆಲವರು. ಈಗಿನ ಇಂಜಿನ್ನಿನಲ್ಲಿ ಕಬ್ಬಿಣಕ್ಕಿಂತ ವೈರೇ ಜಾಸ್ತಿ ಎಂದು ಮತ್ತೊಬ್ಬರು. ಎಲ್ಲರ ಮಾತು ಕೇಳಿ ಮುರಿಗೆಪ್ಪ ತಲೆ ಕೆಡಿಸಿಕೊಂಡಿದ್ದ.

ಮಠದ ಸ್ವಾಮಿಗಳಾದ ಅಜ್ಜನವರು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮೊರವನ್ನು ಶಿಷ್ಯನ ಕಡೆಗೆ ಸರಿಸಿದರು. ಸುಮ್ಮನೆ ಕೂಡಬೇಡ, ನೀನೂ ಸುಲಿ, ಆದರೆ ಬಾಯಿಗೆ ಹಾಕಿಕೊಂಡರೆ ಕತೆ ಅರ್ಧಕ್ಕೇ ನಿಲ್ಲಿಸುತ್ತೇನೆ ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಹಾಲಿನ ಗಾಡಿಯವನಿದ್ದ. ಗುಡ್ಡದ ಸಾಲಿನ ಹಳ್ಳಿಗಳಿಂದ ಬೆಳಗಿನ ಹಾಲು ತುಂಬಿಕೊಂಡು ಪೇಟೆಯ ಡೇರಿಗೆ ಮುಟ್ಟಿಸುವುದು ಅವನ ಕಾಯಕ. ಹಾಲು ಯಾರ ದಾರಿಯನ್ನೂ ಕಾಯುವುದಿಲ್ಲ. ಬಿಸಿಲೇರುವ ಮೊದಲು ಮುಟ್ಟಿದರೆ ಹಾಲು, ತಡವಾದರೆ ಒಡೆದು ನೆಲಕ್ಕೆ ಚೆಲ್ಲಬೇಕು.

ಅವನ ಗಾಡಿ ಹಳೆಯದು. ಒಮ್ಮೆ ಬಂದ್ ಬಿದ್ದರೆ ಕೀಲಿ ತಿರುವಿದರೂ ಚಾಲೂ ಆಗುತ್ತಿರಲಿಲ್ಲ. ಬಂದ್ ಮಾಡದೆ ಇಡೋಣವೆಂದರೆ ನಿಂತಲ್ಲೇ ಕೆಮ್ಮಿ, ಹೊಗೆ ಉಗುಳಿ, ತಾನೇ ಬಂದ್ ಬೀಳುತ್ತಿತ್ತು. ಹೆಚ್ಚಿನ ಹಳ್ಳಿಗಳಲ್ಲಿ ಇಳಿಜಾರು ಇತ್ತು. ಬ್ರೇಕು ಬಿಟ್ಟರೆ ಉರುಳಿ, ಗೇರು ಹಾಕಿದೊಡನೆ ಚಾಲೂ ಆಗುತ್ತಿತ್ತು. ಕೊನೆಯ ಹಳ್ಳಿ ಮಾತ್ರ ಮಟ್ಟಸ ನೆಲ. ಅಲ್ಲಿ ಹಾಲು ತಂದವರೇ ಹಿಂದಿನಿಂದ ತಳ್ಳಬೇಕು.

ಆ ಹಳ್ಳಿಯಲ್ಲಿ ಅವನಿಗೆ ಒಬ್ಬ ಗೆಳೆಯ. ಹೆಸರಿಲ್ಲದೆ ಹೇಳಿದರೆ ನೀನು ನಡುವೆ ಬಾಯಿ ಹಾಕಿ ಯಾರವರು ಎಂದು ಕೇಳುತ್ತೀ, ಅದಕ್ಕೆ ಫಕೀರಪ್ಪ ಎನ್ನೋಣ. ಎಮ್ಮೆ ಕಟ್ಟಿಕೊಂಡಿದ್ದ ಮನುಷ್ಯ. ಗಂಟಲು ದೊಡ್ಡದು. ದಿನಾ ಹಾಲು ತುಂಬಿದ ಮೇಲೆ ಟವೆಲ್ಲು ತಲೆಗೆ ಸುತ್ತಿಕೊಂಡು ಒಂದೇ ಮಾತು ಕೂಗುತ್ತಿದ್ದ.

"ಗಾಡಿ ಕೈ ಕೊಟ್ಟೈತಿ, ನಾವೂ ಕೈ ಕೊಡೂಣ ಬರ್ರೋ!"

ಹಳಸಿದ ಹಾಸ್ಯ. ಆದರೂ ಜನ ದಿನಾ ನಗುತ್ತಿದ್ದರು. ಗಂಡಸರು, ಹೆಂಗಸರು, ಕ್ಯಾನು ಹೊತ್ತು ತಂದ ಮುದುಕರು ಎಲ್ಲರೂ ಹಿಂದೆ ಬಂದು ಅಂಗೈ ಇಡುತ್ತಿದ್ದರು. ಮಳೆಗಾಲದಲ್ಲಿ ಚಕ್ರ ಎರಚಿದ ಕೆಸರು ಮೈಗೆ ಬಿದ್ದರೆ, ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದು ಹಾಲು ಹಾಕುವ ನಮಗಲ್ಲದೆ ಇನ್ನಾರಿಗೆ ಎಂದು ಫಕೀರಪ್ಪ ಅದಕ್ಕೂ ಒಂದು ಮಾತು ಹಚ್ಚುತ್ತಿದ್ದ. ಒಂದೇ ಸಲಕ್ಕೆ ಗಾಡಿ ಚಾಲೂ ಆಗುತ್ತಿರಲಿಲ್ಲ. ನಡುವೆ ಉಸಿರು ತಿರುಗಿಸಿಕೊಳ್ಳಲು ನಿಲ್ಲುತ್ತಿದ್ದರಲ್ಲ, ಆಗ ಊರಿನ ಸುದ್ದಿಯೆಲ್ಲ ಹಾಲಿನವನ ಕಿವಿಗೆ ಬೀಳುತ್ತಿತ್ತು. ಯಾರ ಎಮ್ಮೆ ಈಯಿತು, ಯಾರ ಮಗಳನ್ನು ನೋಡಲು ಬಂದಿದ್ದರು, ಯಾರಿಗೆ ಜ್ವರ. ಜ್ವರ ಬಂದವರನ್ನು ಅವನು ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಪೇಟೆಯ ದವಾಖಾನೆಯ ಮುಂದೆ ಇಳಿಸುತ್ತಿದ್ದ. ಬಸ್ಸು ಬರುವುದು ಮಧ್ಯಾಹ್ನಕ್ಕೆ. ಬೆಳಿಗ್ಗೆ ಆ ಊರಿನಿಂದ ಹೊರಗೆ ಹೋಗಲು ಇದ್ದದ್ದು ಅದೊಂದೇ ಗಾಡಿ.

ಒಂದು ಬೇಸಿಗೆಯಲ್ಲಿ ಆ ಗಾಡಿ ಗುಡ್ಡದ ಏರಿನಲ್ಲಿ ನಿಂತಿತು. ತಳ್ಳಲು ಅಲ್ಲಿ ಯಾರೂ ಇರಲಿಲ್ಲ. ಎಲ್ಲ ಹಳ್ಳಿಗಳ ಹಾಲು ಒಡೆದು ಹೋಯಿತು. ಮರುದಿನ ಅವನು ತಲೆ ತಗ್ಗಿಸಿಕೊಂಡು ಬಂದ. ಒಬ್ಬರೂ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲವಲ್ಲ, ಅದು ಅವನನ್ನು ಕೊರೆಯಿತು. ಇನ್ನು ಮುಂದೆ ಈ ಜನಕ್ಕೆ ನನ್ನಿಂದ ನಷ್ಟವಾಗಬಾರದು ಎಂದು ಹಳೆಯದನ್ನು ಮಾರಿ, ಹೊಸ ಆಟೊಮ್ಯಾಟಿಕ್ ಪಿಕಪ್ ತಂದ. ಅವನು ಕೆಟ್ಟವನಲ್ಲ, ಮುರಿಗೆಪ್ಪ. ಅದನ್ನು ನೆನಪಿಟ್ಟುಕೋ.

ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದ. ಕೆಟ್ಟ ಕಣ್ಣು ತಾಗಬಾರದೆಂದು ಇನ್ನೊಂದು ನಿಂಬೆಹಣ್ಣನ್ನು ಮೆಣಸಿನಕಾಯಿಯ ಜೊತೆ ದಾರಕ್ಕೆ ಪೋಣಿಸಿ ಮುಂದಿನ ಬಂಪರಿಗೆ ಕಟ್ಟಿದ. ಕೊನೆಯ ಹಳ್ಳಿಗೆ ಬಂದಾಗ ಊರೆಲ್ಲ ಸುತ್ತುಗಟ್ಟಿತು. ಕ್ಲಚ್ಚೇ ಇಲ್ಲವಂತೆ, ಗೇರು ತಾನೇ ಬೀಳುತ್ತದಂತೆ ಎಂದು ಬಗ್ಗಿ ಬಗ್ಗಿ ನೋಡಿದರು. ಹಾಲು ತುಂಬಿದ್ದಾಯಿತು. ಆಮೇಲೆ ಎಲ್ಲರೂ ರೂಢಿಯಂತೆ ಗಾಡಿಯ ಹಿಂದೆ ಹೋಗಿ ಅಂಗೈ ಇಟ್ಟರು.

ಹಾಲಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕ. "ಕೈ ತಗೀರಿ, ಬಣ್ಣಕ್ಕ ಗೆರಿ ಬೀಳತಾವ. ಇದನ್ನ ತಳ್ಳಿದ್ರ ಚಾಲೂ ಆಗಂಗಿಲ್ಲ. ಇದಕ್ಕ ಯಾರ ಕೈನೂ ಬ್ಯಾಡ."

ಜನವೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಫಕೀರಪ್ಪ. ಅವನ ಅಂಗೈಯ ಗುರುತು ಹೊಸ ಬಣ್ಣದ ಮೇಲೆ ಮೂಡಿತ್ತು. ಟವೆಲ್ಲಿನಿಂದ ಒರೆಸಿದ.

ಅಂದಿನಿಂದ ಹಾಲು ಒಂದು ದಿನವೂ ಒಡೆಯಲಿಲ್ಲ. ಅದೂ ನಿಜ, ಹೇಳದೆ ಬಿಡಬಾರದು.

ಆದರೆ ಹಾಲಿನವನಿಗೆ ನೆಮ್ಮದಿ ಇರಲಿಲ್ಲ. ಹಳೆಯ ಗಾಡಿಯ ರೋಗವೆಲ್ಲ ಅವನಿಗೆ ಗೊತ್ತಿತ್ತು. ಇದರ ಹೊಟ್ಟೆಯೊಳಗೆ ಏನಿದೆಯೋ, ಎಂದು ಕೈ ಕೊಡುತ್ತದೆಯೋ ತಿಳಿಯದು. ಡೇರಿಯ ಮುಂದೆ ನಿಂತ ಚಾಲಕರನ್ನೆಲ್ಲ ಕೇಳಿದ. ಈ ಗೇರ್‌ಬಾಕ್ಸ್ ಗುಡ್ಡದ ಏರಿಗೆ ಬಾಳುತ್ತದೆಯೇ? ಬಿಸಿಯಾದರೆ ಏನು ಗತಿ? ಒಬ್ಬ ಚಿಂತೆ ಬೇಡ ಎಂದ, ಒಬ್ಬ ಮೊದಲ ಬೇಸಿಗೆ ಕಳೆಯಲಿ ನೋಡೋಣ ಎಂದು ಹುಬ್ಬೇರಿಸಿದ. ಪದೇ ಪದೇ ಬಂದ್ ಮಾಡಿ ಚಾಲೂ ಮಾಡಿದರೆ ಇಂಜಿನ್ನು ಸವೆಯುತ್ತದೆ ಎಂದು ಯಾರೋ ಕಿವಿಯಲ್ಲಿ ಊದಿದರು. ಆಮೇಲೆ ಅವನು ಹಳ್ಳಿಗಳಲ್ಲಿ ಬಂದ್ ಮಾಡುವುದನ್ನೇ ಬಿಟ್ಟ. ಗೇರು ಬದಲಾಗುವ ಸದ್ದು ಕೇಳಬೇಕೆಂದು ಕಿಟಕಿಯ ಗಾಜು ಏರಿಸಿಕೊಂಡ. ಸ್ಟೀರಿಂಗಿನ ಮುಂದಿನ ಎಚ್ಚರಿಕೆಯ ದೀಪಗಳಲ್ಲಿ ಯಾವುದು ಹೊತ್ತಿಕೊಳ್ಳುತ್ತದೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂಡುತ್ತಿದ್ದ. ಎಳೆಗೂಸನ್ನು ಮಲಗಿಸಿದ ತಾಯಿಯೂ ಅಷ್ಟು ಕಿವಿಗೊಡುವುದಿಲ್ಲ.

ಕ್ಯಾನು ಏರಿಸುವವರು ತಾವೇ ಏರಿಸಿ, ಖಾಲಿ ಕ್ಯಾನು ಇಳಿಸಿಕೊಂಡು, ಹಿಂದಿನ ಬಾಗಿಲನ್ನು ತಟ್ಟುತ್ತಿದ್ದರು. ತಟ್ಟಿದರೆ ಹೊರಡು ಎಂದರ್ಥ. ಅವನು ಹೊರಡುತ್ತಿದ್ದ. ಜನ ಮೊದಮೊದಲು ಸ್ವಲ್ಪ ಹೊತ್ತು ನಿಂತು ನೋಡುತ್ತಿದ್ದರು. ಆಮೇಲೆ ನಿಲ್ಲುವುದನ್ನೂ ಬಿಟ್ಟರು. ನಿಂತು ಮಾಡುವುದೇನು? ಟವೆಲ್ಲನ್ನು ತಲೆಗೆ ಸುತ್ತಿಕೊಳ್ಳುವ ಕಾರಣ ಫಕೀರಪ್ಪನಿಗೆ ಉಳಿಯಲಿಲ್ಲ. ಅವನ ಕೂಗು ನಿಂತಿತು. ನಿಂತದ್ದು ಹಾಲಿನವನಿಗೆ ತಿಳಿಯಲಿಲ್ಲ, ಗಾಜು ಏರಿತ್ತು.

ಅದೇ ಹೊತ್ತಿಗೆ ಫಕೀರಪ್ಪನಿಗೆ ಉಸಿರು ಕಟ್ಟತೊಡಗಿತು. ಮೇವಿನ ಹೊರೆ ಹೊತ್ತು ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿದುಕೊಂಡು ಕೂಡುತ್ತಿದ್ದ. ಹೆಂಡತಿ ಬಾಳವ್ವನಿಗಲ್ಲದೆ ಇನ್ನಾರಿಗೂ ಹೇಳಲಿಲ್ಲ. ಗಾಡಿ ತಳ್ಳುವ ಕಾಲವಾಗಿದ್ದರೆ ಹೇಳುವುದೇ ಬೇಕಿರಲಿಲ್ಲ. ಅವನ ಗಂಟಲು ಒಂದು ಕೂದಲೆಳೆ ತಗ್ಗಿದ್ದರೂ, ಇದ್ಯಾಕೋ ಇವತ್ತು ಕೋಳಿಮರಿಯ ಹಾಗೆ ಕೂಗುತ್ತೀ ಎಂದು ಹಾಲಿನವನೇ ಕೇಳುತ್ತಿದ್ದ.

ಒಂದು ಬೆಳಿಗ್ಗೆ ಎದೆಯ ಮೇಲೆ ಬೀಸುವ ಕಲ್ಲು ಇಟ್ಟ ಹಾಗಾಯಿತು. ಬಾಳವ್ವ ಹೆದರಿದಳು. ಹಾಲಿನ ಗಾಡಿಯವರಿಗೆ ಫೋನ್ ಮಾಡಿ ಬೇಗ ಬರಹೇಳಿ ಎಂದಳು. ಫಕೀರಪ್ಪ ಒಪ್ಪಲಿಲ್ಲ. "ಅಂವಗ್ಯಾಕ ಫೋನು? ಹೆಂಗೂ ಬರತಾನ. ಈಗ ಅವನ ಗಾಡಿ ಕೈ ಕೊಡಂಗಿಲ್ಲ," ಎಂದ. ಒಗೆದ ಅಂಗಿ ಹಾಕಿಕೊಂಡ. ಬಾಳವ್ವ ಎಮ್ಮೆಗೆ ಮೇವು ಹಾಕಿ, ಚೀಲ ಹಿಡಿದು ಹಿಂದಿನಿಂದ ಬರುತ್ತೇನೆ ಎಂದಳು. ಅವನು ನಿಧಾನವಾಗಿ ಗಾಡಿ ಬಂದು ನಿಲ್ಲುವ ಹಾಲಿನ ಕಟ್ಟೆಗೆ ನಡೆದ.

ಗಾಡಿ ಹೊತ್ತಿಗೆ ಸರಿಯಾಗಿ ಬಂತು.

ಅಂದು ಹಾಲಿನವನ ಎದೆಯಲ್ಲಿಯೂ ಒಂದು ಕಲ್ಲಿತ್ತು. ಬೆಳಗಿನಿಂದ ಗಾಡಿಯಲ್ಲಿ ಎಲ್ಲಿಂದಲೋ ಟಕ್ ಟಕ್ ಎಂಬ ಸದ್ದು. ಏರಿನಲ್ಲಿ ಇತ್ತು, ಇಳಿಜಾರಿನಲ್ಲಿಯೂ ಇತ್ತು. ಮುಗಿಯಿತು, ಗೇರ್‌ಬಾಕ್ಸ್ ಹೋಯಿತು ಎಂದು ಅವನಿಗೆ ಖಾತ್ರಿಯಾಗಿತ್ತು. ಆದಷ್ಟು ಬೇಗ ಹಾಲು ಇಳಿಸಿ ಶೋರೂಮಿಗೆ ಓಡಬೇಕು. ಹಿಂದಿನ ಬಾಗಿಲು ತಟ್ಟಿದ ಸದ್ದಾಯಿತು. ಫಕೀರಪ್ಪ ಪಕ್ಕದ ಕಿಟಕಿಯ ಕಡೆಗೆ ಬರುತ್ತಿದ್ದ. ಕೂಗಲು ಅವನಲ್ಲಿ ಉಸಿರು ಇರಲಿಲ್ಲ. ಹಾಲಿನವನು ಗಾಜಿನ ಒಳಗಿಂದ ನಕ್ಕು, ನಾಳೆ ಮಾತಾಡೋಣ ಎಂಬಂತೆ ತಲೆಯಾಡಿಸಿ, ಗಾಡಿ ಬಿಟ್ಟ. ಕನ್ನಡಿಯಲ್ಲಿ ನೋಡಿದಾಗ ಫಕೀರಪ್ಪ ಕೈ ಎತ್ತಿ ನಿಂತಿದ್ದ. ಹೋಗಿ ಬಾ ಎನ್ನುತ್ತಿದ್ದಾನೆ ಎಂದುಕೊಂಡ. ಒಮ್ಮೆ ಹಾರ್ನ್ ಬಾರಿಸಿ ತಿರುವು ದಾಟಿದ.

ಶೋರೂಮಿನವರು ಗಾಡಿಯನ್ನು ಮೇಲೆತ್ತಿ ನೋಡಿದರು, ಓಡಿಸಿ ನೋಡಿದರು. ಗೇರ್‌ಬಾಕ್ಸ್ ಬಂಗಾರದ ಹಾಗಿದೆ ಎಂದರು. ಇಂಜಿನ್ನಿಗೂ ಏನೂ ಆಗಿರಲಿಲ್ಲ. ಸದ್ದು ಮಾಡುತ್ತಿದ್ದದ್ದು ಬಂಪರಿಗೆ ಕಟ್ಟಿದ ನಿಂಬೆಹಣ್ಣು. ಪೂಜೆಯ ದಿನ ಕಟ್ಟಿದ್ದು, ಒಣಗಿ ಗೋಲಿಯಂತಾಗಿ, ಗಾಡಿ ಓಡಿದಾಗಲೆಲ್ಲ ಬಡಿಯುತ್ತಿತ್ತು. ಒಬ್ಬ ಮೆಕ್ಯಾನಿಕ್ಕು ದಾರ ಹರಿದು ಅದನ್ನು ಅವನ ಅಂಗೈಯಲ್ಲಿಟ್ಟ. ಎಲ್ಲರೂ ನಕ್ಕರು. ಹಾಲಿನವನೂ ನಕ್ಕ. ಅಷ್ಟು ಸಂತೋಷ ಅವನಿಗೆ ಗಾಡಿ ಕೊಂಡ ದಿನವೂ ಆಗಿರಲಿಲ್ಲ. ಈ ಮಾತನ್ನು ಮೊದಲು ಫಕೀರಪ್ಪನಿಗೆ ಹೇಳಬೇಕು, ಬಿದ್ದು ಬಿದ್ದು ನಗುತ್ತಾನೆ ಎಂದುಕೊಂಡು, ಒಣಗಿದ ನಿಂಬೆಹಣ್ಣನ್ನು ಜೇಬಿನಲ್ಲಿಟ್ಟುಕೊಂಡು ನೇರವಾಗಿ ಆ ಹಳ್ಳಿಗೆ ಹೋದ.

ಹಾಲಿನ ಕಟ್ಟೆಯ ಹತ್ತಿರ ಜನ ಸೇರಿದ್ದರು. ಗಾಡಿ ಹೋದ ಮೇಲೆ ಫಕೀರಪ್ಪ ಆ ಕಟ್ಟೆಯ ಮೇಲೆಯೇ ಕುಳಿತಿದ್ದನಂತೆ. ಬಾಳವ್ವ ಚೀಲ ಹಿಡಿದು ಬರುವ ಹೊತ್ತಿಗೆ ಒರಗಿದ್ದನಂತೆ. ಫೋನ್ ಮಾಡಿದರು. ಹಾಲಿನವನು ಗಾಡಿಯ ಕೆಳಗೆ ಬಗ್ಗಿ ಸದ್ದು ಎಲ್ಲಿಯದೆಂದು ಹುಡುಕುತ್ತಿದ್ದ, ಫೋನು ಸೀಟಿನ ಮೇಲಿತ್ತು.

ಅವನು ಅತ್ತ. ಹೆಣ ಹೊತ್ತವರಲ್ಲಿ ಮುಂದಿನ ಹೆಗಲು ಅವನದೇ ಆಗಿತ್ತು. ಕುಣಿಗೆ ಹಿಡಿ ಮಣ್ಣು ಹಾಕುವಾಗ ಬೆರಳು ಬಿಚ್ಚದೆ ನಿಂತನಂತೆ, ಪಕ್ಕದವರು ಬಿಡಿಸಬೇಕಾಯಿತು. ಯಾರೂ ಅವನನ್ನು ಬೈಯಲಿಲ್ಲ. ಈ ಸಲವೂ ಬೈಯಲಿಲ್ಲ.

ಕೆಲವು ದಿನ ಕಳೆದ ಮೇಲೆ ಮತ್ತೆ ಹಾಲಿಗೆ ಬಂದ. ಬಾಳವ್ವ ತಾನೇ ಕ್ಯಾನು ಹೊತ್ತು ತಂದಿದ್ದಳು. ಹಾಲು ತುಂಬಿದ್ದಾಯಿತು. ಯಾರೋ ಬಾಗಿಲು ತಟ್ಟಿದರು. ಅವನು ಹೊರಡಲಿಲ್ಲ. ಇಂಜಿನ್ನು ಬಂದ್ ಮಾಡಿದ. ಕೆಳಗೆ ಇಳಿದು ಎಲ್ಲರ ಮುಂದೆ ನಿಂತ. ಮನೆಗೆ ತಿರುಗಿದ್ದ ಜನ ಏನಾಯಿತೋ ಎಂದು ನಿಂತರು. ಒಂದು ಕೈ ಕೊಡ್ರಿ ಎಂದ.

ಗಾಡಿ ಕೆಟ್ಟಿಲ್ಲವೆಂದು ಎಲ್ಲರಿಗೂ ಗೊತ್ತು. ಅವನು ಏನು ಕೇಳುತ್ತಿದ್ದಾನೆ ಎಂಬುದೂ ಗೊತ್ತು. ಆದರೆ ಎಲ್ಲಿ ಕೈ ಇಡುವುದು?

ಬಾಳವ್ವ ಸೆರಗಿನಿಂದ ಕ್ಯಾನಿನ ಮುಚ್ಚಳ ಒರೆಸುತ್ತಿದ್ದಳು. ಸಿಟ್ಟಿಲ್ಲದೆ, ಮಾಮೂಲಿ ದನಿಯಲ್ಲಿ ಹೇಳಿದಳು. "ಇದಕ್ಕ ಯಾರ ಕೈನೂ ಬ್ಯಾಡ ಅಂತ ನೀವ ಹೇಳಿದ್ರಲ್ಲ, ಅಣ್ಣಾ."

ಅವನು ಗಾಡಿ ಹತ್ತಿದ. ಕೀಲಿ ತಿರುವಿದ. ಒಂದೇ ಸಲಕ್ಕೆ ಚಾಲೂ ಆಯಿತು.

ಅಜ್ಜನವರು ಕತೆ ನಿಲ್ಲಿಸಿ ಮೊರದಲ್ಲಿ ಶೇಂಗಾ ಕೇರಿದರು. ಸಿಪ್ಪೆ ಗಾಳಿಗೆ ಹಾರಿತು. ಮುರಿಗೆಪ್ಪನ ಬೆರಳುಗಳ ನಡುವೆ ಒಂದು ಶೇಂಗಾ ಯಾವಾಗಲೋ ನಿಂತಿತ್ತು. ತಾನು ಏನು ಕೇಳಲು ಬಂದಿದ್ದೆ ಎಂಬುದು ನೆನಪಾದವನಂತೆ, ಆ ಗಾಡಿ ಈಗ ಹೇಗಿದೆ ಎಂದು ಮೆಲ್ಲಗೆ ಕೇಳಿದ.

"ದಿನಾ ಓಡತೈತಿ, ತಮ್ಮಾ. ಇವತ್ತಿನ ತನಕಾ ಯಾರಿಗೂ ಕೈ ಕೊಟ್ಟಿಲ್ಲ."