ಅವ್ವನ ಹುಬ್ಬು

ಗದಗದಲ್ಲಿ ಮುಕ್ತಾ ಎಂಬ ಪುಟ್ಟ ಹುಡುಗಿ ಜಾರುಬಂಡಿಯಿಂದ ಬಿದ್ದು ಕಾಲು ಮುರಿದುಕೊಂಡಳು. ಕಾಲಿಗೆ ಪ್ಲಾಸ್ಟರ್ ಬಿತ್ತು, ಶಾಲೆ ತಪ್ಪಿತು. ಪಾಠ ಹೇಳುವ ಅಕ್ಕಾರು ಮನೆಗೇ ಬಂದು ಅವಳ ತಾಯಿ ದಾಕ್ಷಾಯಣಿಗೆ ಹೇಳಿದರು:

"ಸ್ವರ ಅಷ್ಟೂ ಮನ್ಯಾಗ ಕಲಿಸ್ರಿ. ಪ್ಲಾಸ್ಟರ್ ಬಿಚ್ಚಿದ ಮ್ಯಾಲ ಕೇಳಿ ನೋಡಿ ಒಂದನೇ ಕ್ಲಾಸಿಗೆ ಹಾಕ್ಕೋತೀನಿ. ಬರಲಿಲ್ಲಂದ್ರ ಸಣ್ಣ ಹುಡುಗರ ಜೋಡಿ ಇನ್ನೊಂದ್ ವರ್ಷ ಕೂಡ್ಲಿ."

ಮುಕ್ತಾಳ ಗೆಳತಿ ರೇಷ್ಮಾ ಒಂದನೇ ಕ್ಲಾಸಿನ ಬೆಂಚಿನ ಮೇಲೆ ಪಕ್ಕದ ಜಾಗದಲ್ಲಿ ತನ್ನ ಚೀಲ ಇಟ್ಟು ಕಾಯುತ್ತಿದ್ದಳು.

ದಾಕ್ಷಾಯಣಿ ಪಾಟಿ, ಬಳಪ ತಂದಳು. ಅ, ಆ, ಇ, ಈ, ಹೀಗೆ ಒಂದೊಂದೇ ಜೋಡಿಯನ್ನು ಬಾಯಲ್ಲಿ ಹೇಳಿ, ಅದಲುಬದಲಾಗಿ ಬರೆದು, ಒಂದರ ಮೇಲೆ ಬೆರಳಿಟ್ಟು ಕೇಳುತ್ತಿದ್ದಳು. ಗಿಡ್ಡ ಸ್ವರವಾದರೆ ಅವಳ ಹುಬ್ಬು ಸುಮ್ಮನಿರುತ್ತಿತ್ತು. ಉದ್ದದ್ದಾದರೆ ಹಣೆಯ ಮೇಲಕ್ಕೆ ಏರುತ್ತಿತ್ತು. ಇದು ಅವಳಿಗೆ ಗೊತ್ತಿರಲಿಲ್ಲ. ನಮ್ಮ ಹುಬ್ಬು ನಮಗೆ ಕಾಣುವ ಹಾಗೆ ದೇವರು ಇಟ್ಟಿಲ್ಲ.

ಮುಕ್ತಾ ಒಂದೂ ತಪ್ಪಲಿಲ್ಲ. ತಾಯಿ ವಿಡಿಯೊ ಮಾಡಿ ಬಳಗದ ಗ್ರೂಪಿಗೆ ಹಾಕಿದಳು. 'ತಾಯಿಗಿಂತ ಗುರು ಇಲ್ಲ' ಎಂದು ಬರೆದವರು ಬಹಳ. ವಿಡಿಯೊದಲ್ಲಿ ಹುಡುಗಿ ಪಾಟಿಯ ಕಡೆ ನೋಡುತ್ತಲೇ ಇಲ್ಲ ಎಂಬುದನ್ನು ಯಾರೂ ಬರೆಯಲಿಲ್ಲ.

ಅಕ್ಕಾರು ಪರೀಕ್ಷೆಗೆ ಕರೆದಿದ್ದ ದಿನದ ಹಿಂದಿನ ಬೆಳಿಗ್ಗೆ ದಾಕ್ಷಾಯಣಿ ಮುಖಕ್ಕೆ ಕಡಲೆಹಿಟ್ಟು ಹಚ್ಚಿಕೊಂಡು ಪಾಠಕ್ಕೆ ಕೂತಳು. ಬಳಗದಲ್ಲಿ ಮದುವೆ ಇತ್ತು. ಹಿಟ್ಟು ಒಣಗಿ ಮುಖ ಗೋಡೆಯಾಯಿತು. ಊ ಮೇಲೆ ಬೆರಳಿಟ್ಟಳು.

"ಉ," ಎಂದಳು ಮುಕ್ತಾ. ಆಮೇಲಿನದೂ ತಪ್ಪು. ಅದರ ಆಮೇಲಿನದೂ.

"ನಿನ್ನೆ ಎಲ್ಲಾ ಬರ್ತಿತ್ತಲ್ಲ! ಉಂಡು ಮಲಗಿ ಮರತಿಯೇನ?"

ಮುಕ್ತಾ ಅಳತೊಡಗಿದಳು. "ನೀ ಹುಬ್ಬು ಏರಿಸವಲ್ಲಿ, ಅವ್ವಾ. ನಾ ಹ್ಯಾಂಗ ಹೇಳ್ಲಿ?"

ಹಿಟ್ಟು ಬಿರುಕು ಬಿಟ್ಟಿತು. ಅಡುಗೆಮನೆಯಿಂದ ಅತ್ತೆ ಹೇಳಿದರು: "ಹಿಟ್ಟು ಹಚ್ಚಿದ ಮ್ಯಾಲ ನಿನ್ನ ಮಾರಿ ಸರಿಯಾಗಿ ಕಂಡ್ತು ನೋಡವಾ."

ಆ ದಿನವೆಲ್ಲ ತಾಯಿ ಮಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತರು. ತಾಯಿ ಹೇಳುವುದು, ಮಗಳು ಬಾಯಲ್ಲಿ ಅಂದುಕೊಂಡು ಬರೆಯುವುದು. ಬಳಪ ನಿಂತಾಗಲೆಲ್ಲ ದಾಕ್ಷಾಯಣಿಗೆ ತಿರುಗಿ ನೋಡಬೇಕೆನಿಸುತ್ತಿತ್ತು. ಕತ್ತು ನೋಯುವಷ್ಟು ತಡೆದುಕೊಂಡಳು.

ಮರುದಿನ ಒಂದನೇ ಕ್ಲಾಸಿನಲ್ಲೇ ಪರೀಕ್ಷೆ. ಅಕ್ಕಾರು ಕೊನೆಗೆ ಓ ಮೇಲೆ ಬೆರಳಿಟ್ಟರು. ಮುಕ್ತಾ ಅಕ್ಷರ ಬಿಟ್ಟು, ಎದುರಿಗೆ ಕೂತಿದ್ದ ತಾಯಿಯ ಮುಖ ನೋಡಿದಳು. ಹುಬ್ಬು ಒಂಚೂರು ಏರಿದರೆ ಸಾಕಿತ್ತು, ರೇಷ್ಮಾಳ ಪಕ್ಕದ ಜಾಗ ಸಿಕ್ಕಂತೆಯೇ. ಅಕ್ಕಾರಿಗೆ ತಿಳಿಯುತ್ತಲೂ ಇರಲಿಲ್ಲ.

ದಾಕ್ಷಾಯಣಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಯಾಕ್ರೀ, ಅಳಾಕತ್ತೀರೇನು?" ಎಂದರು ಅಕ್ಕಾರು.

"ಇಲ್ರಿ. ಪರೀಕ್ಷಾ ಕೊಡಾಕತ್ತೀನಿ."

ನೋಡಲು ಮುಖ ಇಲ್ಲದ್ದರಿಂದ ಮುಕ್ತಾ ಅಕ್ಷರವನ್ನು ನೋಡಿದಳು. "ಒ," ಎಂದಳು. ತಲೆ ಅಲ್ಲಾಡಿಸಿದಳು. "ಅಲ್ರಿ, ಅಕ್ಕಾರೆ. ಓ!" ಅದು ಎಷ್ಟು ಉದ್ದವಿತ್ತೆಂದರೆ ಹೊರಗಿನ ಪಡಸಾಲೆಯವರೆಗೂ ಹೋಯಿತು.

ಅಕ್ಕಾರು ಏನಾದರೂ ಹೇಳುವ ಮೊದಲೇ ರೇಷ್ಮಾ ಬೆಂಚಿನ ಮೇಲಿದ್ದ ಚೀಲ ಎತ್ತಿದಳು.

ನೀತಿ: ಕಲಿಸುವವರ ಮುಖದಲ್ಲಿ ಉತ್ತರ ಇರುವವರೆಗೆ ಮಗು ಮುಖವನ್ನೇ ಕಲಿಯುತ್ತದೆ. ಹೇಳಿಕೊಡುವುದು ಸುಲಭ; ಮಗು ತಡವರಿಸುವಾಗ ಸುಮ್ಮನಿರುವುದನ್ನು ದೊಡ್ಡವರು ಕಲಿಯಬೇಕು.