ಹಸಿ ಹಲಸಿನ ಮಣೆ

ಹೊಳೆದಂಡೆಯ ಮರುಳಯ್ಯನವರ ಆಶ್ರಮದಲ್ಲಿ ಮಂತ್ರ ಕಡಿಮೆ, ಮರದ ಹೊಟ್ಟು ಜಾಸ್ತಿ. ಜ್ಞಾನ ಬೇಕೆಂದು ಬಂದವರ ಕೈಗೂ ಅವರು ಮೊದಲು ಕೊಡುತ್ತಿದ್ದದ್ದು ಉಳಿ ಮತ್ತು ಕೊಡತಿ. ಬಿದ್ದ ಮರದ ದಿಮ್ಮಿಯನ್ನು ದಪ್ಪ ಹಲಗೆಗಳಾಗಿ ಸೀಳಿ, ಅಂಚಿನ ತೊಗಟೆಯನ್ನು ಹಾಗೇ ಬಿಟ್ಟು, ನಡುವೆ ಎರಡು ಸಾಲು ಗುಳಿ ತೋಡಿ ಅಳಗುಳಿಮಣೆ ಮಾಡುವುದು ಅಲ್ಲಿನ ಕೆಲಸ.

ಹೊನ್ನಯ್ಯ ಜ್ಞಾನ ಬೇಕೆಂದು ಬಂದವನಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಮಣೆ.

ಅವನ ಹೆಂಡತಿ ಚೆಲುವಿಗೆ ಅಳಗುಳಿ ಎಂದರೆ ಪ್ರಾಣ. ಮನೆಯಲ್ಲಿ ಮಣೆಯಿರಲಿಲ್ಲ. ಅಂಗಳದ ಮಣ್ಣಿನಲ್ಲೇ ಗುಳಿ ತೋಡಿ, ಮಗಳು ನಿಂಗಿಯನ್ನು ಎದುರಿಗೆ ಕೂರಿಸಿಕೊಂಡು ಹುಣಸೆಬೀಜ ಹಾಕಿ ಆಡುತ್ತಿದ್ದಳು. ಒಂದು ಮಣೆ ಮಾಡಿಕೊಡು ಎಂದು ಗಂಡನನ್ನು ಕೇಳುತ್ತಲೇ ಇದ್ದಳು. ಇವನು ನಾಳೆ ಎನ್ನುತ್ತಲೇ ಇದ್ದ. ಹಾಗೆ ನಾಳೆ ನಾಳೆ ಎನ್ನುತ್ತಿರುವಾಗಲೇ ಜ್ವರ ಬಂದು ಅವಳು ಹೋಗಿಬಿಟ್ಟಳು.

ತಿಥಿ ಮುಗಿದ ಮೇಲೆ ಹೊನ್ನಯ್ಯ ಮಗಳನ್ನು ಅತ್ತೆಯ ಮನೆಯಲ್ಲಿ ಬಿಟ್ಟ.

"ಅವ್ವನ ಆಟದ ಮಣೆ ಮಾಡ್ಕೊಂಡೇ ಬರ್ತೀನಿ" ಎಂದ.



ಆಶ್ರಮಕ್ಕೆ ಬಂದವನು ಕೈಗೆ ಬಿಡುವು ಕೊಡಲಿಲ್ಲ. ಉಳಿದವರು ಉಂಡು ಒಂದಿಷ್ಟು ಒರಗಿಕೊಂಡರೆ ಇವನು ಅಂಗೈಯ ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ಮತ್ತೆ ಕೊಡತಿ ಎತ್ತುತ್ತಿದ್ದ. ಕಣ್ಣು ಗುಳಿ ಬಿದ್ದಿತ್ತು. ತುತ್ತು ಬಾಯಿಗಿಡುವಾಗ ಕೈ ನಡುಗುತ್ತಿತ್ತು.

ಅಷ್ಟು ಮಾಡಿದರೂ ಅವನ ಒಂದು ಮಣೆಯೂ ಉಳಿಯಲಿಲ್ಲ. ದಿಮ್ಮಿ ಸೀಳಿದ ದಿನವೇ ಗುಳಿ ತೋಡಿ, ಬೇಗ ಒಣಗಲೆಂದು ಬಿಸಿಲಿಗಿಡುತ್ತಿದ್ದ. ಮೇಲೆಲ್ಲ ಒಣಗಿ ಒಳಗೆ ಹಸಿ ಉಳಿದ ಹಲಗೆ ತುದಿಯಿಂದ ಬಿರುಕು ಬಿಡುತ್ತಿತ್ತು. ನೆರಳಲ್ಲಿಡು, ಒಂದು ಮಳೆಗಾಲ ಸುಮ್ಮನೆ ಬಿಡು ಎಂದು ಮರುಳಯ್ಯ ಹೇಳಿದರೆ ತಲೆಯಾಡಿಸುತ್ತಿದ್ದ. ಮಾರನೆಯ ದಿನ ಮತ್ತೆ ಅದೇ.

ಸೀಳಿದ ಮಣೆ ತಂದಾಗಲೆಲ್ಲ ಮರುಳಯ್ಯ ಅದನ್ನು ತಿರುಗಿಸಿ ನೋಡುತ್ತಿದ್ದರು. ಆಮೇಲೆ ಅಡುಗೆಯವನನ್ನು ಕರೆದು, "ತಗೋ, ಇವತ್ತಿನ ಸಾರಿಗೆ ಸೌದೆ ಆಯ್ತು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಹೊನ್ನಯ್ಯ ಹೊಸ ಮಣೆ ತಂದಿಟ್ಟ. ಹಲಸಿನ ಮರ, ಅರಿಸಿನದ ಬಣ್ಣ. ಎಲ್ಲೂ ಬಿರುಕು ಕಾಣಲಿಲ್ಲ. ಬಿರುಕಿಗೆ ಅವನು ಅರಗು ಕರಗಿಸಿ ಹುಯ್ದು, ಮರದ ಪುಡಿ ತಿಕ್ಕಿ ನುಣ್ಣಗೆ ಮಾಡಿದ್ದ.

ಮರುಳಯ್ಯ ಈ ಸಲ ತಿರುಗಿಸಿ ನೋಡಲಿಲ್ಲ.

"ಚೆನ್ನಾಗಿದೆ. ಕೂತ್ಕೊ, ಒಂದಾಟ ಆಡೋಣ."

"ಕೆಲಸ ಇದೆ ಬುದ್ಧಿ."

"ಕೂತ್ಕೊ."

ಕೂತ. ಗುರುಗಳು ಮಣೆಯನ್ನು ಎರಡು ಇಟ್ಟಿಗೆಯ ಮೇಲಿಟ್ಟು ಹುಣಸೆಬೀಜ ತುಂಬಿದರು. ಒಂದು ಗುಳಿಯ ಬೀಜ ಬಳಿದು, ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಟ್ಟರು. ಆ ಟಕ್ ಟಕ್ ಸದ್ದು ಕೇಳುತ್ತಲೇ ಹೊನ್ನಯ್ಯನಿಗೆ ಚೆಲುವಿಯ ನೆನಪಾಯಿತು. ತನ್ನ ಸರದಿ ಬಂದರೂ ಅವನ ಕೈ ಮುಂದೆ ಹೋಗಲಿಲ್ಲ.

"ಆಡಪ್ಪ."

ಅವನು ಬೀಜ ಬಳಿಯಲು ಬೆರಳು ಹಾಕಿದ. ಗುಳಿಯ ತಳದಲ್ಲಿ ಅರಗು ಚಕ್ಕೆಯಾಗಿ ಎದ್ದಿತು. ಒಂದು ಹುಣಸೆಬೀಜ ಬಿರುಕಿನಲ್ಲಿ ನುಸುಳಿ ಕೆಳಗೆ ಮಣ್ಣಿಗೆ ಬಿತ್ತು.



"ನನ್ನ ಕೈಲಿ ಆಗಲ್ಲ ಬುದ್ಧಿ" ಎಂದ ಹೊನ್ನಯ್ಯ. "ಸಾಕಾಗಿದೆ. ಇವತ್ತೇ ಹೊಳೆ ದಾಟಿ ಹೋಗ್ಬಿಡ್ತೀನಿ."

"ಊರಿಗಾ?"

"ಬರಿಗೈಲಿ ಮಗಳ ಮುಂದೆ ಹೆಂಗೆ ನಿಲ್ಲಲಿ? ಎಲ್ಲಿಗಾದ್ರೂ. ಅವಳು ಅಜ್ಜಿ ಹತ್ರ ಹೆಂಗೋ ಬೆಳ್ಕೋತಾಳೆ."

ಮರುಳಯ್ಯ ಬೀಜವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು.

"ನಿದ್ದೆ ಮಾಡ್ತೀಯಾ?"

"ಕೈ ನಿಲ್ಲಿಸಿದ್ರೆ ಸಾಕು, ಚೆಲುವಿನೇ ಕಣ್ಮುಂದೆ ಬರ್ತಾಳೆ."

"ಹೆಂಡ್ತಿ ಹೋದ ಮೇಲೆ ಒಂದ್ಸಲನಾದ್ರೂ ಅತ್ತಿದ್ದೀಯಾ?"

"ಅಳೋಕೆ ಎಲ್ಲಿ ಪುರುಸೊತ್ತು ಬುದ್ಧಿ?"

ಮರುಳಯ್ಯ ಮಂಡಿ ಹಿಡಿದುಕೊಂಡು ಎದ್ದರು. ಕೊಟ್ಟಿಗೆಗೆ ಹೋಗಿ ಒಂದು ಮಂಕರಿ ಸಗಣಿ ತಂದರು. ಹಲಗೆ ಒಣಗಿಸುವ ಚಪ್ಪರದ ಕೆಳಗೆ ಆ ಬೆಳಿಗ್ಗೆ ಸೀಳಿದ ಹಲಸಿನ ಹಲಗೆಯೊಂದು ಮಲಗಿತ್ತು. ಅದರ ಪಕ್ಕ ಕೂತು ಎರಡೂ ತುದಿಗೆ ದಪ್ಪಗೆ ಸಗಣಿ ಮೆತ್ತಿದರು.

"ಇದ್ಯಾಕೆ ಮೆತ್ತೋದು, ಗೊತ್ತೇನಪ್ಪ?"

"ತುದಿಯಿಂದ ನೀರೆಲ್ಲ ಒಂದೇ ಸಲ ಓಡಿ ಹೋಗ್ಬಾರ್ದು ಅಂತ."

"ಹೋಗದೇ ಒಳಗೇ ಉಳಿದ್ರೆ?"

"ಉಳೀಬಾರ್ದು ಬುದ್ಧಿ. ಹೋಗ್ಬೇಕು. ನಿಧಾನಕ್ಕೆ ಹೋಗ್ಬೇಕು."

"ಎಲ್ಲಾ ಗೊತ್ತಿದೆಯಲ್ಲ. ಮಲಕ್ಕೊ."

"ಎಲ್ಲಿ?"

"ಅದರ ಪಕ್ಕದಲ್ಲಿ."

ಎದುರಾಡಲೂ ಹೊನ್ನಯ್ಯನಲ್ಲಿ ತ್ರಾಣವಿರಲಿಲ್ಲ. ಹಲಗೆಯ ಪಕ್ಕ ನೆಲದ ಮೇಲೆ ಅಂಗಾತ ಮಲಗಿದ. ನೆಲ ತಣ್ಣಗಿತ್ತು. ಮೂಗಿಗೆ ಹಸಿ ಮರದ ವಾಸನೆ ಬಡಿಯಿತು.

ಅಷ್ಟರಲ್ಲಿ ಅಂಗಾಲಿಗೆ ಏನೋ ತಣ್ಣಗೆ ತಗುಲಿತು. ತಲೆಯೆತ್ತಿ ನೋಡಿದರೆ ಗುರುಗಳು ಬಲು ಶ್ರದ್ಧೆಯಿಂದ ಅವನ ಅಂಗಾಲಿಗೆ ಸಗಣಿ ಮೆತ್ತುತ್ತಿದ್ದರು. ಎರಡೂ ಕಾಲು ಮುಗಿಸಿ ಈ ಕಡೆ ಬಂದು ನೆತ್ತಿಗೂ ಒಂದು ಮುದ್ದೆ ಇಟ್ಟು ತಟ್ಟಿದರು.

ಹೊನ್ನಯ್ಯನಿಗೆ ನಗು ಬಂತು. ಚೆಲುವಿ ಇದ್ದಿದ್ದರೆ ಇದನ್ನು ಕಂಡು ಎಷ್ಟು ನಗುತ್ತಿದ್ದಳೋ ಅನ್ನಿಸಿತು. ಹಾಗನ್ನಿಸಿದ್ದೇ ತಡ, ನಗು ಅಳುವಾಯಿತು. ತಡೆಯಲು ನೋಡಿದ, ಆಗಲಿಲ್ಲ. ಬಾಯಿಗೆ ಹೆಗಲ ವಸ್ತ್ರದ ತುದಿ ತುರುಕಿಕೊಂಡು ಅತ್ತ. ಆಮೇಲೆ ಅದನ್ನೂ ಕಿತ್ತೆಸೆದು ಅತ್ತ.

ಮರುಳಯ್ಯ ಪಕ್ಕದಲ್ಲೇ ಕೂತು ಸಾಣೆಕಲ್ಲಿನ ಮೇಲೆ ಉಳಿ ಮಸೆಯುತ್ತಿದ್ದರು. ಅವನ ಅಳು ಜೋರಾದರೂ ಅವರ ಕೈ ಒಂದೇ ಹದದಲ್ಲಿತ್ತು.

ಬಿಸಿಲು ಇಳಿಯಿತು. ಹೊನ್ನಯ್ಯ ನಿದ್ದೆ ಹೋದ, ಎದ್ದ, ಮತ್ತೆ ಅತ್ತ. ಕೊನೆಗೆ ಎದ್ದು ಕೂತಾಗ ನೆತ್ತಿಯ ಸಗಣಿ ಅರೆಬರೆ ಒಣಗಿ ಕಿವಿಯ ಮೇಲೆ ಉದುರುತ್ತಿತ್ತು. ದಣಿವು ಹೋಗಿರಲಿಲ್ಲ. ಆದರೆ ಕೈ ನಡುಗುತ್ತಿರಲಿಲ್ಲ.

"ಹಿಂಗೆ ಎಷ್ಟು ದಿನ ಬುದ್ಧಿ?"

"ಮರಕ್ಕೆ ಗೊತ್ತು."

"ಅಲ್ಲಿ ನಿಂಗಿ ಒಬ್ಬಳೇ ಕಾಯ್ತಾ ಇರ್ತಾಳೆ."

ಮರುಳಯ್ಯ ಉಳಿಯನ್ನು ಬದಿಗಿಟ್ಟರು. ಹಲಸಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅತ್ತ ಸರಿಸಿದರು. ಹಲಗೆಗೂ ಹೊನ್ನಯ್ಯನಿಗೂ ನಡುವೆ ಒಂದು ಮಗು ಮಲಗುವಷ್ಟು ನೆಲ ತೆರವಾಯಿತು.

"ಅವಳೂ ಹಸಿ ಮರವೇ ಅಲ್ವೇನಪ್ಪ? ಕರ್ಕೊಂಡು ಬಾ. ನೆರಳಲ್ಲಿ ಜಾಗ ಇದೆ."