ಒಂಬತ್ತನೆಯ ಕಮಾನು

ಆ ಹೊಳೆಗೆ ಒಂಬತ್ತು ಕಮಾನುಗಳ ಕಲ್ಲಿನ ಸೇತುವೆ. ಒಂದು ಮಳೆಗಾಲದ ನೆರೆಗೆ ಆಚೆ ದಡದ ಕಮಾನು ಕೊಚ್ಚಿಹೋಯಿತು. ಬಂಡಿಗಳ ಓಡಾಟ ನಿಂತಿತು.

ಊರವರು ಮೌನೇಶಾಚಾರಿಯವರನ್ನು ಕರೆಸಿದರು. ಐವತ್ತು ವರ್ಷದ ಹಿಂದೆ ಆ ಸೇತುವೆ ಕಟ್ಟಿದವರಲ್ಲಿ ಉಳಿದಿದ್ದವರು ಅವರೊಬ್ಬರೇ.

ಆಚಾರಿ ತಾವು ಉಳಿ ಹಿಡಿಯಲಿಲ್ಲ. ಹತ್ತು ವರ್ಷದಿಂದ ತಮ್ಮ ಬಳಿ ಕಲಿಯುತ್ತಿದ್ದ ಅಡಿವೆಪ್ಪನಿಗೆ, "ಇದು ನಿನ್ನದು" ಎಂದರು.

ಅಡಿವೆಪ್ಪ ಬೇಸಿಗೆಯಲ್ಲಿ ಕೆಲಸಕ್ಕೆ ಇಳಿದ. ಮರದ ಆಸರೆ ನಿಲ್ಲಿಸಿ, ಅದರ ಮೇಲೆ ಒಂದೊಂದೇ ಕಲ್ಲು ಜೋಡಿಸಿ, ಸಂದಿಗೆ ಗಾರೆ ತುಂಬಿದ.

ಆಚಾರಿ ಪಕ್ಕದ ಊರಿಗೆ ಹೋಗಿದ್ದ ದಿನ ಅವನು ಆಸರೆ ಬಿಚ್ಚಿಸಿದ. ಕಮಾನು ಕುಸಿಯಿತು.

ಯಾರಿಗೂ ಪೆಟ್ಟಾಗಲಿಲ್ಲ. ದಡದಲ್ಲಿ ನೋಡುತ್ತ ನಿಂತಿದ್ದ ಬಂಡಿಯವರು ಎತ್ತುಗಳನ್ನು ತಿರುಗಿಸಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಆಚಾರಿ ಹಿಂತಿರುಗಿದಾಗ ಶಿಷ್ಯ ತನ್ನ ಉಳಿಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ಎಲ್ಲಿಗೆ?"

"ಮನೆಗೆ, ಗುರುಗಳೇ. ಈ ಕೆಲಸ ನನ್ನ ಕೈಲಿ ಆಗೋದಲ್ಲ."

"ಯಾಕೆ ಬಿತ್ತು?"

"ಗಾರೆ ಒಳಗೆ ಇನ್ನೂ ಹಸಿಯಿತ್ತು. ನನಗೆ ಅವಸರವಾಯಿತು. ನೀವು ಬರುವುದರೊಳಗೆ ಮುಗಿಸಿ ತೋರಿಸಬೇಕೆಂದಿದ್ದೆ."

ಆಚಾರಿ ಬಿದ್ದ ಕಲ್ಲೊಂದರ ಮೇಲೆ ಕುಳಿತರು.

"ಹೋಗುವುದಾದರೆ ಹೋಗು. ಅದಕ್ಕೆ ಮೊದಲು ಒಂದು ಕೆಲಸ ಮಾಡು. ಇನ್ನೂ ಎಂಟು ಕಮಾನು ನಿಂತಿವೆಯಲ್ಲ, ಅದರಲ್ಲಿ ಒಂದನ್ನು ನನ್ನ ಗುರುಗಳು ನನಗೆ ಕಟ್ಟಲು ಬಿಟ್ಟಿದ್ದರು. ಅದೂ ಹೀಗೇ ಬಿದ್ದಿತ್ತು. ಯಾವುದು, ನೋಡಿ ಹೇಳು."

ಅಡಿವೆಪ್ಪ ಕೈಯಲ್ಲಿದ್ದ ಉಳಿಯನ್ನು ಹಾಗೇ ಹಿಡಿದು ನಿಂತ. ಹತ್ತು ವರ್ಷದಲ್ಲಿ ಆಚಾರಿ ಇದನ್ನು ಒಮ್ಮೆಯೂ ಹೇಳಿರಲಿಲ್ಲ.

ಉಳಿಯನ್ನು ಚೀಲಕ್ಕೆ ಹಾಕಿ, ಚೀಲವನ್ನು ಹೆಗಲಿಗೇರಿಸಿಕೊಂಡು ಅವನು ಬತ್ತಿದ ಹೊಳೆಗೆ ಇಳಿದ. ಒಂದೊಂದು ಕಮಾನಿನ ಕೆಳಗೂ ಕತ್ತೆತ್ತಿ ನಿಂತ. ಕೈಗೆಟುಕಿದ ಸಂದಿಗಳಲ್ಲಿ ಬೆರಳಾಡಿಸಿದ. ಕಲ್ಲು ತಟ್ಟಿ ಸದ್ದು ಕೇಳಿದ. ಮರಳು ಕಾದು ಕಾಲು ಸುಡತೊಡಗಿದ ಮೇಲೆ ಹಿಂತಿರುಗಿದ.

"ಮೂರನೆಯದು."

"ಹೇಗೆ ಹೇಳುತ್ತೀ?"

"ಅದರ ನಡುಗಲ್ಲು ಒಂದು ಬೆರಳು ಓರೆಯಾಗಿ ಕೂತಿದೆ."

"ಅದು ನನ್ನ ಗುರುಗಳು ಕಟ್ಟಿದ್ದು," ಎಂದು ಆಚಾರಿ ನಕ್ಕರು.

ಅಡಿವೆಪ್ಪನಿಗೂ ನಗು ಬಂತು. ಕಮಾನು ಬಿದ್ದಾಗಿನಿಂದ ಅವನು ನಕ್ಕಿರಲಿಲ್ಲ.

"ಹಾಗಾದರೆ ನನಗೆ ಗೊತ್ತಾಗಲಿಲ್ಲ, ಗುರುಗಳೇ. ಎಲ್ಲವೂ ಗಟ್ಟಿಯಾಗಿಯೇ ಇವೆ."

"ಅಗೋ, ಅದು," ಎಂದು ಆಚಾರಿ ಕೈ ತೋರಿದರು. ಆರನೆಯ ಕಮಾನಿನ ನೆರಳಲ್ಲಿ ಕುರುಬನೊಬ್ಬ ತನ್ನ ಕುರಿಗಳ ನಡುವೆ ನಿಶ್ಚಿಂತೆಯಿಂದ ನಿದ್ದೆ ಹೋಗಿದ್ದ.

ಅಡಿವೆಪ್ಪ ಅತ್ತ ನೋಡಿದ. ಚೀಲವನ್ನು ಹೆಗಲಿನಿಂದ ಕೆಳಗಿಳಿಸಿದ.

"ಎರಡನೆಯ ಸಲ ಕಟ್ಟಿದಾಗ ನಿಂತಿತೇ, ಗುರುಗಳೇ?"

"ಇಲ್ಲ, ಆಗಲೂ ಬಿತ್ತು," ಎಂದರು ಆಚಾರಿ. "ಹೋಗು, ಗಾರೆಗೆ ಸುಣ್ಣ ನೆನೆಹಾಕು."